ಮೂರು ಮೀನಿನ ಟ್ಯಾಂಕಿಗೆ ಒಂದೇ ಸಂಪ್ ಹಾಕಿಸೋರು, ದುಡ್ಡು ಕೊಡೋ ಮೊದಲು ಇದನ್ನ ಓದಿ

ಬರೆಯೋಕೆ ನಾಚಿಕೆ ಆಗ್ತಿದೆ. ಹನ್ನೊಂದು ವರ್ಷದಿಂದ ಮೀನು ಸಾಕ್ತಿದೀನಿ, ಆದ್ರೂ ಮೋಸ ಹೋದೆ. ಸುಮ್ಮನಿದ್ರೆ ಇನ್ನೊಬ್ಬರ ಮನೆಗೂ ಇದೇ ಗತಿ ಬರುತ್ತೆ, ಅದಕ್ಕೇ ಬರೀತಿದೀನಿ.

ಮೈಸೂರಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ. ಹಾಲ್‌ನಲ್ಲಿ ಸಾಲಾಗಿ ಮೂರು ಟ್ಯಾಂಕ್, ಒಂದೊಂದೂ 4 ಅಡಿ ಉದ್ದ, ಒಂದೂವರೆ ಅಡಿ ಅಗಲ. ಮೂರು ಫಿಲ್ಟರ್ ತೊಳೆದು ತೊಳೆದು ಸಾಕಾಗಿತ್ತು. ಮೂರನ್ನೂ ಪೈಪಲ್ಲಿ ಸೇರಿಸಿ ಕೆಳಗೆ ಒಂದೇ ಸಂಪ್ ಇಡ್ತೀನಿ ಅಂದ ಅಂಗಡಿಯವನಿಗೆ 38,000 ರೂಪಾಯಿ ಕೊಟ್ಟೆ. ಸಂಪ್ ಅಂದ್ರೆ ನೆಲದಡಿಯ ನೀರಿನ ಸಂಪಲ್ಲ, ಸ್ಟ್ಯಾಂಡ್ ಒಳಗಿಡೋ ಗಾಜಿನ ತೊಟ್ಟಿ. ಟ್ಯಾಂಕಿನ ನೀರು ಅದಕ್ಕೆ ಇಳಿದು, ಸೋಸಿಕೊಂಡು, ಪಂಪಿಂದ ಮತ್ತೆ ಮೇಲೆ ಹೋಗುತ್ತೆ.

ಫಿಟ್ ಮಾಡಿದ ದಿನವೇ ಕೇಳಿದ್ದೆ. ಕೇಳಿದ್ದೆ! "ಕರೆಂಟ್ ಹೋದ್ರೆ ಮೇಲಿನ ನೀರು ವಾಪಸ್ ಇಳಿಯಲ್ವಾ?"

"ಚೆಕ್ ವಾಲ್ವ್ ಹಾಕಿದೀನಿ ಸಾರ್, ನೀರು ಮೇಲಕ್ಕೆ ಮಾತ್ರ ಬಿಡುತ್ತೆ, ವಾಪಸ್ ಒಂದು ಹನಿ ಬರಲ್ಲ."

ಪಂಪ್ ಆಫ್ ಮಾಡಿ ತೋರಿಸಿ ಅಂದೆ. ಆಫ್ ಮಾಡಿದ, ನಾನು ಹತ್ತು ಎಣಿಸೋದ್ರೊಳಗೆ ಮತ್ತೆ ಆನ್ ಮಾಡಿದ. "ನೋಡಿದ್ರಲ್ಲ ಸಾರ್." ನಾನು ತಲೆಯಾಡಿಸಿ, ಬಾಕಿ ದುಡ್ಡು ಅಲ್ಲೇ ನಿಂತು ಫೋನಲ್ಲಿ ಹಾಕಿದೆ. ಆ ಹತ್ತು ಸೆಕೆಂಡ್ ನೆನಪಾದ್ರೆ ಈಗಲೂ ಮೈ ಉರಿಯುತ್ತೆ.

ಜುಲೈ, ಜೋರು ಮಳೆ, ರಾತ್ರಿ ಎರಡೂವರೆ, ಕರೆಂಟ್ ಹೋಗಿತ್ತು. ಯಾರೋ ಬಾಗಿಲು ಬಡೀತಿದ್ರು. ಕೆಳಗಿನ ಓನರ್ ಆಂಟಿ, ಕೈಯಲ್ಲಿ ಟಾರ್ಚ್. "ನಲ್ಲಿ ಏನಾದ್ರೂ ಬಿಟ್ಟಿದೀಯೇನಪ್ಪ? ನಮ್ಮ ದೇವರಮನೆ ಸೀಲಿಂಗ್ ಸೋರ್ತಿದೆ." ಹಾಲ್‌ಗೆ ಕಾಲಿಟ್ಟೆ, ಪಾದ ತಣ್ಣಗಾಯ್ತು. ಸಂಪಿನ ಅಂಚಿಂದ ನೀರು ತೆಳ್ಳಗೆ ಪರದೆ ಥರ ಇಳೀತಿತ್ತು, ಸದ್ದೇ ಇಲ್ಲದೆ. ಅದರ ಪಕ್ಕ ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್. ಅದನ್ನ ಅಲ್ಲೇ ಇಟ್ಟು ಹೋಗಿದ್ದೂ ಆ ಅಂಗಡಿಯವನೇ. ಓಡಿ ಹೋಗಿ ಮೇನ್ ಆಫ್ ಮಾಡಿದೆ. ಅಷ್ಟರಲ್ಲಿ ಕರೆಂಟ್ ಬಂದಿದ್ರೆ ಏನಾಗ್ತಿತ್ತೋ.

ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಒಂದು ಟ್ಯಾಂಕಲ್ಲಿ ನೀರು 1 ಇಂಚು ಇಳಿದ್ರೆ 14 ಲೀಟರ್. ಮೇಲಕ್ಕೆ ನೀರು ತರೋ ಪೈಪಿನ ಬಾಯಿ ನೀರೊಳಗೆ 4 ಇಂಚು ಆಳದಲ್ಲಿತ್ತು. ಪಂಪ್ ನಿಂತ ತಕ್ಷಣ ಅದೇ ಪೈಪು ಸೈಫನ್ ಆಗಿ, ಆ 4 ಇಂಚು ನೀರನ್ನೂ ಕೆಳಗೆ ಎಳೀತು. ಮೂರು ಟ್ಯಾಂಕ್ ಸೇರಿ ಹತ್ತಿರ ಹತ್ತಿರ 170 ಲೀಟರ್. ಸಂಪಲ್ಲಿ ಖಾಲಿ ಜಾಗ ಎಷ್ಟಿತ್ತು ಗೊತ್ತಾ? ಬರೀ 36 ಲೀಟರ್. ಉಳಿದದ್ದೆಲ್ಲ ನೆಲಕ್ಕೆ, ಅಲ್ಲಿಂದ ಆಂಟಿ ದೇವರಮನೆಗೆ. ಚೆಕ್ ವಾಲ್ವ್ ಬಿಚ್ಚಿದ್ರೆ ಒಳಗೆ ಮೆಣಸಿನಕಾಳಿನಷ್ಟು ಒಂದು ಬಸವನಹುಳು. ಅದು ಸಿಕ್ಕಿಕೊಂಡು ವಾಲ್ವ್ ಮುಚ್ಚೇ ಇರಲಿಲ್ಲ.

ಬೆಳಿಗ್ಗೆ ಅಂಗಡಿಯವನಿಗೆ ಫೋನ್ ಮಾಡಿದೆ. ಮೊದಲ ಮಾತು: "ಮೀನು ಸತ್ತಿಲ್ಲ ತಾನೆ ಸಾರ್?" ಆಮೇಲೆ "ಕರೆಂಟ್ ಹೋಗಿದ್ದಕ್ಕೆ ನಾನೇನ್ ಮಾಡ್ಲಿ?" ವಾಲ್ವಿನ ಫೋಟೋ ಕಳಿಸಿದ್ರೆ "ಬಸವನಹುಳ ಬಿಟ್ಕೊಂಡಿದ್ದು ನೀವು ಸಾರ್." ಕೊನೆಗೆ ವಾಯ್ಸ್ ಮೆಸೇಜ್, ಯುಪಿಎಸ್ ಹಾಕಿಸಿ, 9,000 ಆಗುತ್ತೆ, ನಾನೇ ತಂದು ಕೊಡ್ತೀನಿ ಅಂತ. ಮನೆ ಮುಳುಗಿಸಿ ಮತ್ತೆ ನನಗೇ ವ್ಯಾಪಾರ! ದುಡ್ಡು ವಾಪಸ್ ಕೇಳಿದ ಮೇಲೆ ಬರೀ ನೀಲಿ ಟಿಕ್, ಉತ್ತರ ಇಲ್ಲ.

ಸರಿ ಮಾಡೋಕೆ ಬೇಕಾಗಿದ್ದು ಹ್ಯಾಕ್ಸಾ, ಮೂರು ಎಲ್ಬೋ, ಒಂದು ಮಧ್ಯಾಹ್ನ. ಪೈಪಿನ ಬಾಯನ್ನ ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗಿರೋ ಹಾಗೆ ಎತ್ತಿದೆ, ಸಂಪಲ್ಲಿ ನೀರು ಕಮ್ಮಿ ಮಾಡಿದೆ, ಅಷ್ಟೇ. ಸೈಫನ್ ಮುರಿಯೋಕೆ ಪೈಪಿಗೆ ಸಣ್ಣ ತೂತು ಕೊರೆದ್ರೂ ಆಗುತ್ತೆ, ಆದ್ರೆ ಪಾಚಿ ಕಟ್ಟಿಕೊಳ್ಳುತ್ತೆ, ಉಜ್ಜುತ್ತಾ ಇರಬೇಕು. ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ. ಪಂಪ್ ಆಫ್ ಮಾಡಿಸಿ, ನೀರು ಇಳಿಯೋದು ಪೂರ್ತಿ ನಿಲ್ಲೋವರೆಗೂ ಕಾಯಿರಿ, ಅರ್ಧ ಗಂಟೆ ಆದ್ರೂ ಆಗ್ಲಿ. ಅಲ್ಲಿವರೆಗೆ ಒಂದು ರೂಪಾಯಿನೂ ಕೊಡಬೇಡಿ.

ಇನ್ನೊಂದು. ಒಂದೇ ನೀರು ಅಂದ್ರೆ ಒಂದೇ ರೋಗ. "ಬಯೋ ಬಾಲ್ಸ್ (ಫಿಲ್ಟರಿಗೆ ಹಾಕೋ ಪ್ಲಾಸ್ಟಿಕ್ ಉಂಡೆ) ಎಲ್ಲ ತಡೆಯುತ್ತೆ ಸಾರ್" ಅಂದಿದ್ದ, ಅದೂ ಸುಳ್ಳು. ಆಗಸ್ಟಲ್ಲಿ ಒಂದು ಟ್ಯಾಂಕಿಗೆ ಹೊಸ ಲೋಚ್ ಮೀನು ಬಿಟ್ಟೆ, ವಾರದೊಳಗೆ ಮೂರರಲ್ಲೂ ಬಿಳಿ ಚುಕ್ಕೆ ರೋಗ. ಆರು ವರ್ಷ ಸಾಕಿದ್ದ ಏಂಜೆಲ್ ಮೀನಿನ ಜೋಡಿ ಸತ್ತು ಹೋಯ್ತು. ಹೊಸ ಮೀನನ್ನ ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡಿ, ದಯವಿಟ್ಟು.

ಆಂಟಿ ಸೀಲಿಂಗ್ ಪೇಂಟಿಗೆ 11,000 ನಾನೇ ಕೊಟ್ಟೆ. ನಿನ್ನೆ ಆ ಅಂಗಡಿಯವನ ಸ್ಟೇಟಸ್ ನೋಡಿದೆ: ಐದು ಟ್ಯಾಂಕ್, ಒಂದೇ ಸಂಪ್, ಯಾರದ್ದೋ ಹೊಸ ಮನೆ. ಫೋಟೋ ದೊಡ್ಡದು ಮಾಡಿ ನೋಡಿದ್ರೆ ಐದೂ ಪೈಪಿನ ಬಾಯಿ ನೀರೊಳಗೆ ಗೇಣುದ್ದ ಇಳಿದಿವೆ. ಆ ಮನೆಯವರು ಇದನ್ನ ಓದ್ತಿದ್ರೆ, ಇವತ್ತು ರಾತ್ರಿ ಮಲಗೋ ಮುಂಚೆ ಪಂಪ್ ಆಫ್ ಮಾಡಿ, ಪಕ್ಕದಲ್ಲೇ ನಿಂತು ನೋಡಿ.