ನೇತ್ರಾಣಿನಾ, ಎಲಿಫೆಂಟ್ ಬೀಚಾ? ಎರಡೂ ಕಡೆ ಉಪ್ಪುನೀರು ಕುಡಿದು ಬಂದವನ ಲೆಕ್ಕ

ನಾನು ಈಜು ಕಲಿತದ್ದು ಮಂಡ್ಯದ ಅಜ್ಜಿ ಊರಿನ ನಾಲೆಯಲ್ಲಿ. ಮೂಗು ಹಿಡ್ಕೊಂಡು ಧುಮುಕೋದು, ಆಚೆ ದಡ ಮುಟ್ಟೋದು, ಅಷ್ಟೇ. ಸ್ನಾರ್ಕೆಲಿಂಗ್‌ನಲ್ಲಿ, ಅಂದ್ರೆ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ, ತೇಲುತ್ತಾ ನೀರೊಳಗೆ ನೋಡೋದ್ರಲ್ಲಿ, ಆ ಈಜು ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಮುಖ ನೀರಲ್ಲಿಟ್ಟು ಬಾಯಲ್ಲಿ ಉಸಿರಾಡೋದನ್ನ ನಾಲೆ ಕಲಿಸೋದಿಲ್ಲ. ಡಿಸೆಂಬರಿನಲ್ಲಿ ನೇತ್ರಾಣಿ, ಫೆಬ್ರವರಿಯಲ್ಲಿ ಅಂಡಮಾನ್. ಎರಡೂ ಕಡೆ ಜೊತೆಗಿದ್ದವರು ಮಂಡ್ಯದ ಭಾವ, ಮತ್ತು ಅವರ ಮೀಸೆ.

ನೇತ್ರಾಣಿ ಹತ್ತಿರ. ಮೈಸೂರಲ್ಲಿ ರಾತ್ರಿ ರೈಲು ಹತ್ತಿದರೆ ಮರುದಿನ ಮುರುಡೇಶ್ವರ. ಆದರೆ ನೇತ್ರಾಣಿಯಲ್ಲಿ ಬೀಚಿದೆ ಅಂದುಕೊಂಡು ಹೋಗಬೇಡಿ, ಅದು ಬಂಡೆಗಳ ದ್ವೀಪ. ದಡದಿಂದ ಸುಮಾರು 19 ಕಿ.ಮೀ. ದೂರ. ಒಂದೂವರೆ ಗಂಟೆ ದೋಣಿಯಲ್ಲಿ ಕೂತು, ನೇರ ಆಳಕ್ಕೇ ಇಳಿಯಬೇಕು. ಕಾಲೂರೋಕೆ ಏನೂ ಇಲ್ಲ. ಭಾವ ಬೆಳಿಗ್ಗೆ "ಖಾಲಿ ಹೊಟ್ಟೇಲಿ ಹೋಗ್ಬಾರ್ದಪ್ಪ" ಅಂತ ನಾಲ್ಕು ಪೂರಿ ತಿಂದಿದ್ದರು. ಅರ್ಧ ದಾರಿಯಲ್ಲೇ ನಾಲ್ಕೂ ಸಮುದ್ರದ ಪಾಲು. ಹೊರಡೋಕೆ ಮುಂಚೆ ಎರಡು ಇಡ್ಲಿ, ವಾಂತಿ ತಡೆಯೋ ಒಂದು ಅವೋಮಿನ್ ಮಾತ್ರೆ, ಅಷ್ಟು ಸಾಕು.

ಇನ್ನು ಮೀಸೆ. ಮಾಸ್ಕಿನ ರಬ್ಬರು ಚರ್ಮಕ್ಕೆ ಅಂಟಿದರೆ ಮಾತ್ರ ನೀರು ನಿಲ್ಲುತ್ತೆ. ಭಾವನ ಮೀಸೆ ದಪ್ಪ, ಕೂದಲಿನ ಸಂದಿಯಿಂದ ನೀರು ನುಗ್ಗಿ ಎರಡು ನಿಮಿಷಕ್ಕೊಮ್ಮೆ ಮೂಗಿನ ತನಕ ತುಂಬುತ್ತಿತ್ತು. ಆಳದಲ್ಲಿ ತೇಲುತ್ತಾ ಮಾಸ್ಕ್ ಎತ್ತಿ ನೀರು ಚೆಲ್ಲೋದು ಸುಮ್ನೆ ಆಗೋ ಕೆಲಸ ಅಲ್ಲ, ಅಲ್ವಾ? ಕೊನೆಗೆ ಹಗ್ಗ ಹಿಡಿದು ದೋಣಿ ಪಕ್ಕದಲ್ಲೇ ಉಳಿದರು. ನಾನು ಮಾತ್ರ ನೋಡಿದೆ. ಬಂಡೆ ನೀರಿನೊಳಗೆ ಇಳಿಯುವ ಕಡೆ ಹಳದಿ-ಕಪ್ಪು ಪಟ್ಟೆಯ ಮೀನು ಗುಂಪು ಗುಂಪಾಗಿ, ಕೆಳಗೆ ಬರೀ ನೀಲಿ.

ಎಲಿಫೆಂಟ್ ಬೀಚ್ ಇರೋದು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ. 2018ರಿಂದ ಆ ದ್ವೀಪಕ್ಕೆ ಸ್ವರಾಜ್ ದ್ವೀಪ ಅಂತ ಹೆಸರು. ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ವಿಮಾನ, ಅಲ್ಲಿಂದ ಹಡಗು, ಆಮೇಲೆ ದೋಣಿ ಇಲ್ಲವೇ ಕಾಡುದಾರಿ. ನಮಗೆ ನೇತ್ರಾಣಿಯ ಐದು ಪಟ್ಟು ಖರ್ಚಾಯಿತು. ನಾವು ಕಾಡಿನಲ್ಲೇ ನಡೆದೆವು. ಕೊನೆಯಲ್ಲಿ ಮ್ಯಾಂಗ್ರೋವ್ ಬೇರು, ಗದ್ದೆ ಕೆಸರಿನಂಥ ಕೆಸರು. ನನ್ನ ಒಂದು ಚಪ್ಪಲಿ ಈಗಲೂ ಅಲ್ಲೇ ಇದೆ. ದಾಟಿದ ಮೇಲೆ 2004ರ ಸುನಾಮಿಯಲ್ಲಿ ಉರುಳಿದ ಮರದ ಬೊಡ್ಡೆಗಳು, ಅದರಾಚೆ ಗಾಜಿನಂಥ ನೀರು.

ಇಲ್ಲಿ ಸೊಂಟದಾಳದಲ್ಲಿ ನಿಂತೇ ಕಲಿಯಬಹುದು. ಮಾಸ್ಕಿನೊಳಗೆ ಉಗುಳಿ ತೊಳೆಯಬೇಕು, ಮಂಜು ಕಟ್ಟೋದಿಲ್ಲ. ಭಾವ ಮೀಸೆಗೆ ವ್ಯಾಸಲೀನ್ ಬಳಿದುಕೊಂಡರು, ನೀರು ನಿಂತಿತು! ಸ್ವಲ್ಪ ಮುಂದೆ ಗಿಳಿಮೀನು ಹವಳ ಕಡಿಯೋ ಸದ್ದು ನೀರೊಳಗೇ ಕೇಳಿಸಿತು, ಯಾರೋ ಪಕ್ಕದಲ್ಲಿ ಕೂತು ಮದ್ದೂರು ವಡೆ ಮುರಿದು ತಿಂದ ಹಾಗೆ ಕರಕರ. ಆ ಬಿಳಿ ಮರಳಿನಲ್ಲಿ ಒಂದಷ್ಟು ಪಾಲು ಆ ಮೀನುಗಳ ಹೊಟ್ಟೆಯಿಂದ ಬಂದದ್ದೇ ಅಂತ ಹೇಳಿದ ಮೇಲೆ ಅಕ್ಕ ಮರಳಿನ ಮೇಲೆ ಕೂರಲೇ ಇಲ್ಲ.

ಕೊರತೆ ಇಲ್ಲೂ ಇದೆ. ಜನ ಜಾಸ್ತಿ. ಅರ್ಧ ಗಂಟೆ ಅಂತ ದುಡ್ಡು ತಗೊಂಡವರು ಟ್ಯೂಬಿಗೆ ಕಟ್ಟಿ ಎಳೆದು ಹತ್ತು ನಿಮಿಷಕ್ಕೆ ವಾಪಸ್ ಬಿಟ್ಟರು. ದಡದ ಹತ್ತಿರದ ಹವಳ ಬಹುಪಾಲು ಸತ್ತು ಬೂದಿ ಬಣ್ಣ. ಮತ್ತೆ, ಎರಡೂ ಕಡೆ ತುಂಬುತೋಳಿನ ಅಂಗಿ ಹಾಕಿ. ಕೆಲವು ಸನ್‌ಸ್ಕ್ರೀನ್ ಹವಳಕ್ಕೆ ವಿಷ, ಬಳಿಯದಿದ್ದರೆ ಬೆನ್ನು ಸುಡುತ್ತೆ.

ಮೊದಲ ಸಲ ಹೋಗೋರು, ಮಕ್ಕಳಿದ್ದೋರು, ದುಡ್ಡಿದ್ದರೆ ಎಲಿಫೆಂಟ್ ಬೀಚಿಗೇ ಹೋಗಿ. ಉಸಿರಾಟ ಪಳಗಿದೆ ಅಂದ್ರೆ ನನ್ನ ಓಟು ನೇತ್ರಾಣಿಗೆ. ಮಳೆಗಾಲದಲ್ಲಿ ಅಲ್ಲಿ ದೋಣಿ ಬಿಡೋದಿಲ್ಲ, ಅದಕ್ಕೇ ಭಾವ ನವೆಂಬರಿಗೆ ಈಗಲೇ ರಜೆ ಹಾಕಿದ್ದಾರೆ. ಮೀಸೆ ತೆಗೆಯೋದಿಲ್ಲವಂತೆ. ವ್ಯಾಸಲೀನ್ ದೊಡ್ಡ ಡಬ್ಬಿ ತಂದಿಟ್ಟಿದ್ದಾರೆ.