ಅತ್ತೆಯ ಮೊಣಕಾಲು ಒಪ್ಪಿದ ಗುಡ್ಡ

ಈ ಚಳಿಗಾಲದಲ್ಲಿ ಮೂರು ಭಾನುವಾರ ಮಂಗಳೂರಿನಿಂದ ಹೊರಟು ಮೂರು ಗುಡ್ಡ ಹತ್ತಿದೆವು. ಸರಿಯಾಗಿ ಹೇಳಬೇಕೆಂದರೆ ಎರಡೂವರೆ. ಜೊತೆಗೆ ಎಂಟು ವರ್ಷದ ಮಗಳು, ಅರ್ಧ ದಾರಿಗೆ ಬಂದಾಗ ಎತ್ತಿಕೊಳ್ಳಲು ಕೈ ಚಾಚುವ ನಾಲ್ಕು ವರ್ಷದ ಮಗ, ಮೊಣಕಾಲು ನೋವಿದ್ದರೂ ಮನೆಯಲ್ಲಿ ಕೂರಲೊಲ್ಲದ ಅತ್ತೆ. ಮೇಲೆ ನಿಂತರೆ ಘಟ್ಟ ಕಾಣಬೇಕು ಎಂಬುದೊಂದೇ ಶರತ್ತು.

ಆ ಅರ್ಧ ಗುಡ್ಡ ಬೆಳ್ತಂಗಡಿ ಬಳಿಯ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಸುಲ್ತಾನ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದದ್ದು ಈ ಒಂಟಿ ಬಂಡೆಯನ್ನೇ. ಮೆಟ್ಟಿಲುಗಳು 1,876 ಎನ್ನುತ್ತಾರೆ. ಮಗಳು ಇನ್ನೂರರವರೆಗೆ ಎಣಿಸಿ ಕೈಬಿಟ್ಟಳು. ಕಲ್ಲಿನಲ್ಲೇ ಕಡಿದ ಮೆಟ್ಟಿಲು ಒಂದರಂತೆ ಇನ್ನೊಂದಿಲ್ಲ; ಮಕ್ಕಳ ಮೊಣಕಾಲೆತ್ತರದವೂ ಇವೆ. ಕುದುರೆಮುಖದ ಸಾಲು ಇಷ್ಟು ಹತ್ತಿರ ಮತ್ತೆಲ್ಲೂ ಸಿಗಲಿಲ್ಲ, ಒಪ್ಪುತ್ತೇನೆ. ಆದರೆ ಒಂಬತ್ತು ಗಂಟೆಗೇ ಬಂಡೆ ಕಾಯತೊಡಗಿತು, ಮಗ ಅಳತೊಡಗಿದ, ನಾವು ಇಳಿದೆವು. ಮಕ್ಕಳು ಹತ್ತು ದಾಟುವವರೆಗೆ ಆ ಕಡೆ ತಲೆ ಹಾಕುವುದಿಲ್ಲ.

ಕಾರ್ಕಳದ ಗೊಮ್ಮಟಬೆಟ್ಟ ಇದಕ್ಕೆ ತದ್ವಿರುದ್ಧ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳೂ ಇವೆ, ಮೇಲಿನವರೆಗೆ ರಸ್ತೆಯೂ ಇದೆ. ಗಂಡ ಅತ್ತೆಯನ್ನು ಕಾರಿನಲ್ಲಿ ಕರೆದೊಯ್ದರು, ನಾನು ಮಕ್ಕಳೊಂದಿಗೆ ಹತ್ತಿದೆ. 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿಯ ಬಾಹುಬಲಿಯನ್ನು ನೋಡಲು ಮಗ ಕತ್ತು ಎತ್ತಿ ಎತ್ತಿ ಹಿಂದಕ್ಕೇ ಬಿದ್ದ. ಎದುರಿನ ಗುಡ್ಡದಲ್ಲಿ ಚತುರ್ಮುಖ ಬಸದಿ, ಕೆಳಗೆ ಆನೆಕೆರೆ, ಪೂರ್ವಕ್ಕೆ ಘಟ್ಟ. ಘಟ್ಟ ಮಾತ್ರ ದೂರದ ನೀಲಿ ಗೆರೆಯಷ್ಟೇ. ಹತ್ತಿದೆ ಎನಿಸುವ ಮುಂಚೆಯೇ ಮುಗಿದುಹೋಯಿತು ಎಂಬುದು ಮಗಳ ದೂರು. ಹನ್ನೊಂದರ ಮೇಲೆ ಹೋದರೆ ಚಪ್ಪಲಿ ಬಿಟ್ಟು ನಡೆಯುವಾಗ ಕುಣಿಯಬೇಕಾಗುತ್ತದೆ.

ನನ್ನ ಮತ ಕಾರಿಂಜಕ್ಕೆ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ವಗ್ಗದ ಬಳಿ ತಿರುಗಬೇಕು. ಬುಡದಲ್ಲಿ ಗದಾತೀರ್ಥ, ನಡುವೆ ಪಾರ್ವತಿಯ ಗುಡಿ, ತುದಿಯಲ್ಲಿ ಶಿವ. ಈ ನಡುವಿನ ಗುಡಿಯೇ ನಮ್ಮನ್ನು ಕಾಪಾಡಿದ್ದು: ಅತ್ತೆ ಅಲ್ಲಿ ಜಗಲಿಯಲ್ಲಿ ಕುಳಿತು, ಕಾಲು ನೀವಿಕೊಂಡು, "ಇಷ್ಟು ಬಂದವಳಿಗೆ ಶಿವ ಏನು ದೂರ?" ಎಂದು ಎದ್ದರು. ಗಡಾಯಿಕಲ್ಲಿನಲ್ಲಿ ಅರ್ಧಕ್ಕೆ ನಿಂತರೆ ಸೋಲು. ಇಲ್ಲಿ ಅರ್ಧಕ್ಕೆ ನಿಂತರೂ ಒಂದು ದರ್ಶನವಾಗಿರುತ್ತದೆ.

ಏಳೂವರೆಗೆ ತುದಿಯಲ್ಲಿದ್ದೆವು. ಕೆಳಗಿನ ತೋಟಗಳ ಮೇಲೆ ಮಂಜು ಉಕ್ಕಿ ಬಂದ ಹಾಲಿನಂತೆ ನಿಂತಿತ್ತು, ಅದರಾಚೆ ಘಟ್ಟದ ಮಡಿಕೆಗಳು ಒಂದರ ಹಿಂದೊಂದು. ಮಗಳು ಮಾತು ನಿಲ್ಲಿಸಿದ ಅಪರೂಪದ ಐದು ನಿಮಿಷ.

ಮಂಗಗಳ ವಿಷಯ ಹೇಳದೆ ಮುಗಿಸಲಾಗದು. ಮಗ ಕೈಚೀಲದಿಂದ ಬನ್ಸ್ ತೆಗೆದನಷ್ಟೇ, ಒಂದು ಗಡವ ಬಂದು ಕಿತ್ತುಕೊಂಡು, ಗೋಡೆಯ ಮೇಲೆ ಕುಳಿತು, ಎರಡು ಭಾಗ ಮಾಡಿ, ಒಳಗಿನ ಪೊಳ್ಳನ್ನು ಇಣುಕಿ ನೋಡಿ, ನಿಧಾನವಾಗಿ ತಿಂದಿತು. "ಹೋಗಲಿ ಬಿಡು ಮಗೂ, ದೇವಸ್ಥಾನದ ಮಂಗ" ಎಂದರು ಅತ್ತೆ. ಉಳಿದ ಬನ್ಸನ್ನು ಕಾರಿಗೆ ಬಂದ ಮೇಲೆ, ಗಾಜು ಏರಿಸಿಕೊಂಡು ತಿಂದೆವು.