ಮೂರು ಬೇಸಿಗೆ ಕಂಡ ಇನ್‌ಕ್ಯುಬೇಟರ್

ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಈ ಯಂತ್ರ ತಂದ ಮೊದಲ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಎರಡನೇ ಬೇಸಿಗೆಯಲ್ಲಿ ಬರೆದಿದ್ದರೆ ಒಂದೂ ಕೊಡುತ್ತಿರಲಿಲ್ಲ. ಈಗ ಮೂರು ವರ್ಷ ಆಗಿದೆ, ಹನ್ನೊಂದು ಸಲ ಮೊಟ್ಟೆ ಇಟ್ಟು ತೆಗೆದಿದ್ದೇನೆ. ಸಿಟ್ಟೂ ಇಳಿದಿದೆ, ಖುಷಿಯೂ ಇಳಿದಿದೆ. ಬರೆಯಲು ಇದೇ ಸರಿಯಾದ ಹೊತ್ತು.

56 ಮೊಟ್ಟೆ ಹಿಡಿಯುವ, ಮೇಜಿನ ಮೇಲೆ ಇಡುವ ಮಾದರಿ ಇದು. ಹೊರಗೆ ಪ್ಲಾಸ್ಟಿಕ್, ಒಳಗೆ ಥರ್ಮೋಕೋಲ್. ಮುಚ್ಚಳದಲ್ಲಿ ಹೀಟರ್ ಮತ್ತು ಫ್ಯಾನ್. ಎರಡು ಗಂಟೆಗೊಮ್ಮೆ ಮೊಟ್ಟೆಯನ್ನು ತಾನೇ ಹೊರಳಿಸುವ ಟ್ರೇ. ತಳದಲ್ಲಿ ನೀರಿಗೆ ಎರಡು ಕಾಲುವೆ. ಕರೆಂಟ್ ಹೋದರೆ 12 ವೋಲ್ಟ್ ಬ್ಯಾಟರಿಗೆ ಸಿಕ್ಕಿಸಬಹುದು. ಇದೇ ಡಬ್ಬ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಹಾಗಾಗಿ ಹೆಸರಿಗಿಂತ ಒಳಗಿನ ಸಾಮಾನಿನ ಬಗ್ಗೆಯೇ ಹೇಳುತ್ತೇನೆ.

ಎರಡನೇ ಬೇಸಿಗೆಯ ಕಥೆ ಮೊದಲು. 52 ಮೊಟ್ಟೆ ಇಟ್ಟಿದ್ದೆ. ಏಳನೇ ದಿನ ಟಾರ್ಚ್ ಹಿಡಿದು ನೋಡಿ ಏಳನ್ನು ತೆಗೆದೆ. ಉಳಿದ 45ರಲ್ಲೂ ಜೀವ ಇತ್ತು. ಹದಿನಾರನೇ ದಿನ ಮಧ್ಯಾಹ್ನ ಊಟ ಮುಗಿಸಿ ಸುಮ್ನೆ ಒಂದು ಸಲ ನೋಡೋಣ ಅಂತ ಹೋದರೆ ಯಂತ್ರ ಕೂಗುತ್ತಿತ್ತು. ಪರದೆಯ ಮೇಲೆ 39.8 ಡಿಗ್ರಿ, ಇರಬೇಕಾದ್ದು 37.5. ಹೀಟರಿನ ದೀಪ ಆರಿತ್ತು, ಫ್ಯಾನ್ ತಿರುಗುತ್ತಲೇ ಇತ್ತು. ಆದರೂ ನನ್ನ ಕಣ್ಣೆದುರೇ ಅಂಕಿ 39.9 ಆಯಿತು. ಎಷ್ಟು ಹೊತ್ತಿನಿಂದ ಹಾಗೆ ಕೂಗುತ್ತಿತ್ತೋ ಗೊತ್ತಿಲ್ಲ. ಮುಚ್ಚಳ ತೆಗೆದು ರಟ್ಟಿನಿಂದ ಗಾಳಿ ಬೀಸಿದೆ. ಕೋಣೆಯ ಗಾಳಿಯೇ 38 ಡಿಗ್ರಿ ಇದ್ದಾಗ ಬೀಸಿ ಏನು ಪ್ರಯೋಜನ? 45ರಲ್ಲಿ ಮೂರು ಮರಿ ಬಂದವು. ಅದರಲ್ಲಿ ಒಂದಕ್ಕೆ ಕಾಲು ಸರಿ ಇರಲಿಲ್ಲ.

ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿದೆ ಅಂತಲೇ ಅಂದುಕೊಂಡು ಮಾರಿದವರಿಗೆ ಫೋನ್ ಮಾಡಿದೆ. "ಕೋಣೆ ತಂಪಾಗಿ ಇಡಿ ಸಾರ್" ಅಂದರು, ಅಷ್ಟೇ. ಮೈ ಉರಿದು ಹೋಯಿತು. ಡಬ್ಬದ ಮೇಲೆ ಎಲ್ಲ ಹವಾಮಾನಕ್ಕೂ ಸೂಕ್ತ ಅಂತ ಅಚ್ಚು ಹಾಕಿ, ಈಗ ಹೀಗೆ ಹೇಳಿದರೆ? ಡಬ್ಬದ ಮೇಲಿನ ಮಾತು ಸುಳ್ಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋನಿನಲ್ಲಿ ಹೇಳಿದ್ದು ನಿಜ ಅಂತ ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ವಿಷಯ ಏನಂದರೆ, ಈ ಯಂತ್ರಕ್ಕೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಒಳಗೆ 37.5 ನಿಲ್ಲಬೇಕಾದರೆ ಹೊರಗಡೆ ಅದಕ್ಕಿಂತ ಚೆನ್ನಾಗಿ ಕಡಿಮೆ ಇರಬೇಕು. ಇನ್ನೂ ಒಂದು ಸಂಗತಿ ಇದೆ. ಮೊದಲ ವಾರ ಮೊಟ್ಟೆ ಯಂತ್ರದಿಂದ ಶಾಖ ತೆಗೆದುಕೊಳ್ಳುತ್ತದೆ. ಎರಡು ವಾರ ದಾಟಿದ ಮೇಲೆ ಒಳಗಿನ ಮರಿ ದೊಡ್ಡದಾಗಿ ತಾನೇ ಶಾಖ ಬಿಡಲು ಶುರು ಮಾಡುತ್ತದೆ. 45 ಮರಿಗಳು ಒಂದೇ ಡಬ್ಬದಲ್ಲಿ ಬಿಸಿ ಬಿಡುತ್ತಿವೆ, ಹೊರಗೆ 38 ಡಿಗ್ರಿ, ಸುತ್ತ ಥರ್ಮೋಕೋಲ್. ಶಾಖ ಹೋಗುವುದಾದರೂ ಎಲ್ಲಿಗೆ? ನನ್ನ ಥರ್ಮೋಸ್ಟಾಟ್ ಪಾಪ, ಹೀಟರ್ ಆರಿಸಿ ಕೈಕಟ್ಟಿ ಕೂತಿತ್ತು. ಅದರ ಕೆಲಸ ಅಷ್ಟೇ.

ಮೊಟ್ಟೆ ತಂಪನ್ನು ತಡೆದುಕೊಂಡಷ್ಟು ಬಿಸಿಯನ್ನು ತಡೆಯುವುದಿಲ್ಲ. ಕಾವು ಕೂತ ಹೇಂಟೆ ದಿನಾ ಎದ್ದು ಹೋಗಿ ಮೇವು ತಿಂದು ಬರುತ್ತದೆ, ಮೊಟ್ಟೆ ಅಷ್ಟು ಹೊತ್ತು ಆರಿದರೂ ಏನೂ ಆಗುವುದಿಲ್ಲ. ಆದರೆ ಎರಡು ಡಿಗ್ರಿ ಮೇಲೆ ಹೋಗಿ ಕೆಲವು ಗಂಟೆ ನಿಂತರೆ ಮುಗಿಯಿತು. ಅದಕ್ಕೇ ಬಿಸಿ ಪ್ರದೇಶದಲ್ಲಿ ಕರೆಂಟ್ ಹೋದಾಗ ಕಂಬಳಿ ಹೊದಿಸುವ ಸಲಹೆ ಕೊನೆಯ ವಾರಕ್ಕೆ ಹೊಂದುವುದಿಲ್ಲ. ಫ್ಯಾನ್ ನಿಂತರೆ ಒಳಗಿನ ಬಿಸಿ ಅಲ್ಲೇ ಸೇರಿಕೊಳ್ಳುತ್ತದೆ. ನಾನು ಮುಚ್ಚಳವನ್ನು ಒಂದು ಬೆರಳಷ್ಟು ಎತ್ತಿ ಇಡುತ್ತೇನೆ.

ಮೂರನೇ ಬೇಸಿಗೆಗೆ ಯಂತ್ರ ಬದಲಾಗಲಿಲ್ಲ, ಅದರ ಜಾಗ ಬದಲಾಯಿತು. ಮೇಜಿನಿಂದ ನೆಲಕ್ಕೆ ಇಳಿಸಿದೆ. ಒಂದೇ ಕೋಣೆಯಲ್ಲಿ ನೆಲದ ಹತ್ತಿರಕ್ಕೂ ಮೇಜಿನ ಎತ್ತರಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಇರುವುದನ್ನು ಥರ್ಮಾಮೀಟರ್ ಇಟ್ಟು ನೋಡಿದೆ. ಬಿಸಿಲು ಬೀಳುವ ಗೋಡೆಯಿಂದ ದೂರ, ಮನೆಯ ಒಳಗಿನ ಕೋಣೆ. ಮಧ್ಯಾಹ್ನ ಆ ಕೋಣೆಗೆ ಏರ್ ಕೂಲರ್. ಹದಿನೈದನೇ ದಿನದಿಂದ ಗಾಳಿಯ ತೂತು ಪೂರ್ತಿ ತೆರೆದಿಡುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಮೊಟ್ಟೆ ಕಡಿಮೆ ಇಟ್ಟಿದ್ದರಿಂದ. 56ರ ಯಂತ್ರದಲ್ಲಿ 28, ಸಾಲು ಬಿಟ್ಟು ಸಾಲು. ಆ ಸಲ 21 ಮರಿ ಬಂದವು.

ಪರದೆಯ ಅಂಕಿಯನ್ನು ನಂಬಬೇಡಿ. ನನ್ನದು ಹೊಸದರಲ್ಲೇ ಅರ್ಧ ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಅಂದರೆ 37.5 ಅಂತ ತೋರಿಸಿದಾಗ ಒಳಗೆ 38. ಪರೀಕ್ಷೆ ಮಾಡಲು ದೊಡ್ಡ ಸಾಧನ ಬೇಡ. ಜ್ವರ ನೋಡುವ ಥರ್ಮಾಮೀಟರ್ ಸಾಕು, ಅದು 37ರ ಆಸುಪಾಸಿನಲ್ಲೇ ಕರಾರುವಾಕ್ಕಾಗಿ ಇರುವಂಥದ್ದು. ಮೊಟ್ಟೆಯ ಮೇಲ್ಭಾಗದ ಎತ್ತರಕ್ಕೆ ಇಟ್ಟು ನೋಡಿ. ತೇವ ತೋರಿಸುವ ಮೀಟರಿಗೆ ಉಪ್ಪಿನ ಪರೀಕ್ಷೆ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಎಂಟು ಹತ್ತು ಗಂಟೆ ಬಿಟ್ಟು ನೋಡಿದರೆ 75 ಪರ್ಸೆಂಟ್ ತೋರಿಸಬೇಕು. ನನ್ನದು 66 ತೋರಿಸಿತು. ಒಂದು ವರ್ಷ ಪೂರ್ತಿ ತಪ್ಪು ಲೆಕ್ಕದಲ್ಲಿ ನೀರು ಹಾಕಿದ್ದೆ ಅಂತಾಯಿತು.

ತೇವದ ವಿಷಯದಲ್ಲಿ ಪುಸ್ತಿಕೆ ಹೇಳುವುದು ಸರಿಯೇ ಇದೆ. ಮೊದಲ 18 ದಿನ 45ರಿಂದ 55, ಕೊನೆಯ ಮೂರು ದಿನ 65ರಿಂದ 75. ಆದರೆ ಒಣ ಬಿಸಿಲಿನ ಕಾಲದಲ್ಲಿ ಬೆಳಗ್ಗೆ ತುಂಬಿದ ಕಾಲುವೆ ಸಂಜೆಗೆ ಖಾಲಿ. ನೀರು ಎಷ್ಟು ಆಳ ಇದೆ ಅನ್ನುವುದು ಮುಖ್ಯ ಅಲ್ಲ, ಎಷ್ಟು ಅಗಲಕ್ಕೆ ಹರಡಿದೆ ಅನ್ನುವುದು ಮುಖ್ಯ. ಕಾಲುವೆಯಲ್ಲಿ ಒಂದು ಸ್ಪಂಜಿನ ತುಂಡು ನಿಲ್ಲಿಸಿದರೆ ತೇವ ತಕ್ಷಣ ಏರುತ್ತದೆ. ಮಳೆ ಹಿಡಿದ ಮೇಲೆ ಇದೆಲ್ಲ ಉಲ್ಟಾ. ಆಗ ಮೊದಲ 18 ದಿನ ಒಂದು ಹನಿ ನೀರೂ ಹಾಕುವುದಿಲ್ಲ. ಈಗೀಗ ಮೀಟರಿಗಿಂತ ತಕ್ಕಡಿಯನ್ನೇ ನಂಬುತ್ತೇನೆ. ಇಟ್ಟ ದಿನ 55 ಗ್ರಾಂ ಇದ್ದ ಮೊಟ್ಟೆ 18ನೇ ದಿನಕ್ಕೆ ಆರು ಏಳು ಗ್ರಾಂ ಇಳಿದಿರಬೇಕು. ಅಷ್ಟು ನೀರು ಹೋದರೇನೇ ಮೊಟ್ಟೆಯ ದಪ್ಪ ತುದಿಯಲ್ಲಿ ಮರಿಗೆ ಉಸಿರಾಡಲು ಜಾಗ ಆಗುತ್ತದೆ.

ಯಂತ್ರಕ್ಕೆ ಬೈಯುವ ಮೊದಲು ಹುಟ್ಟದ ಮೊಟ್ಟೆಯನ್ನು ಒಡೆದು ನೋಡಿ. ಮೂಗು ಮುಚ್ಚಿಕೊಂಡೇ ಮಾಡಬೇಕಾದ ಕೆಲಸ, ಹೊರಗಡೆ ಹೋಗಿ ಮಾಡಿ. ಏಳನೇ ದಿನ ಟಾರ್ಚಿಗೆ ಹಿಡಿದಾಗ ಒಳ್ಳೆಯ ಮೊಟ್ಟೆಯಲ್ಲಿ ಜೇಡನ ಕಾಲಿನಂತೆ ಕೆಂಪು ನರ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಅಲುಗುತ್ತಿರುತ್ತದೆ. ಅದು ಕಣ್ಣು. ಏನೂ ಕಾಣದೆ ಪೂರ್ತಿ ತಿಳಿಯಾಗಿದ್ದರೆ ಗೊಡ್ಡು ಮೊಟ್ಟೆ ಇರಬಹುದು, ಅದು ಯಂತ್ರದ ತಪ್ಪಲ್ಲ. ಬಿಸಿಲು ಜಾಸ್ತಿ ಆದಾಗ ಹುಂಜದ ಕಸುವೇ ಕಡಿಮೆ ಆಗುತ್ತದೆ. ನರ ಇಲ್ಲದೆ ಬರೀ ಒಂದು ಕೆಂಪು ಉಂಗುರ ಕಂಡರೆ, ಜೀವ ಶುರುವಾಗಿ ಸತ್ತಿದೆ ಅಂತ.

ನನಗೆ ಈ ಉಂಗುರದ ಕಾಟ ಬಹಳ ಇತ್ತು. ಕಾರಣ ಯಂತ್ರದೊಳಗೆ ಇರಲಿಲ್ಲ, ಗೂಡಿನಲ್ಲಿತ್ತು. ಮೊಟ್ಟೆ 25-26 ಡಿಗ್ರಿ ದಾಟಿದ ಕಡೆ ಇದ್ದರೆ ಒಳಗಿನ ಜೀವ ನಿಧಾನಕ್ಕೆ ಬೆಳೆಯಲು ಶುರು ಮಾಡುತ್ತದೆ. ಬೇಸಿಗೆಯಲ್ಲಿ ಗೂಡಿನ ಒಳಗೇ 35 ಇರುತ್ತದೆ. ಅಲ್ಲಿ ಅರೆಬರೆ ಬೆಳೆದು, ರಾತ್ರಿ ನಿಂತು, ಮತ್ತೆ ಹಗಲು ಬೆಳೆದು, ಯಂತ್ರಕ್ಕೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಈಗ ದಿನಕ್ಕೆ ನಾಲ್ಕು ಸಲ ಮೊಟ್ಟೆ ಎತ್ತುತ್ತೇನೆ. ಕೂಡಿಡಲು 15ರಿಂದ 18 ಡಿಗ್ರಿ ಬೇಕು. ಫ್ರಿಜ್ಜಿನ 4 ಡಿಗ್ರಿ ಅದಕ್ಕೆ ಸಲ್ಲದು. ನಾನು ಒಂದು ಮಡಕೆಯೊಳಗೆ ಇನ್ನೊಂದು ಇಟ್ಟು, ನಡುವೆ ಮರಳು ತುಂಬಿ, ಮರಳನ್ನು ಒದ್ದೆ ಮಾಡುತ್ತೇನೆ. ಗಾಳಿ ಒಣಗಿದ್ದಾಗ ಒಳಗೆ 22 ತನಕ ಇಳಿಯುತ್ತದೆ. ಸಾಲದು ಅಂತ ಗೊತ್ತು, ಅದಕ್ಕೇ ನಾಲ್ಕು ದಿನಕ್ಕಿಂತ ಜಾಸ್ತಿ ಇಡುವುದಿಲ್ಲ. ಗಾಳಿಯಲ್ಲೇ ತೇವ ಇದ್ದಾಗ ಈ ಉಪಾಯ ನಡೆಯುವುದಿಲ್ಲ.

ದೊಡ್ಡ ಕೋಳಿಗಳ ಬಗ್ಗೆ ಒಂದೇ ಮಾತು, ಯಾಕಂದರೆ ಅದೂ ಯಂತ್ರದ ಫಲಿತಾಂಶಕ್ಕೆ ಬಂದು ಸೇರುತ್ತದೆ. ಕೋಳಿಗೆ ಬೆವರುವುದು ಗೊತ್ತಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹಾಗೆ ಏದುಸಿರು ಬಿಟ್ಟಾಗ ಮೈಯಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ, ಚಿಪ್ಪು ಕಟ್ಟಲು ಬೇಕಾದ್ದು ಕಡಿಮೆ ಬೀಳುತ್ತದೆ. ಮೇವನ್ನೂ ಕಡಿಮೆ ತಿನ್ನುತ್ತವೆ. ಚಿಪ್ಪು ತೆಳ್ಳಗಾದರೆ ಇನ್‌ಕ್ಯುಬೇಟರಿನಲ್ಲಿ ಮೊಟ್ಟೆ ಬೇಗ ಒಣಗುತ್ತದೆ. ಹಾಗಾಗಿ ನೆರಳು, ಮಧ್ಯಾಹ್ನ ಎರಡು ಸಲ ತಣ್ಣೀರು, ಮೇವು ಬೆಳಗಿನ ಜಾವ ಮತ್ತು ಸಂಜೆ. ಇಷ್ಟನ್ನು ತಪ್ಪಿಸಿದರೆ ಎಂಥ ಯಂತ್ರ ತಂದರೂ ಅಷ್ಟೇ.

ಮರಿ ಹೊರಬರುವ ದಿನ ಯಂತ್ರದ ನಿಜವಾದ ಗುಣ ಕಾಣುತ್ತದೆ. ಮುಚ್ಚಳದ ಗಾಜು ದೊಡ್ಡದಿದೆ, ಅದಕ್ಕೆ ಒಂದು ಅಂಕ ಜಾಸ್ತಿ ಕೊಡಬೇಕು. ಮೊದಲು ಒಳಗಿನಿಂದ ಚೀಂವ್ ಚೀಂವ್, ಆಮೇಲೆ ಚಿಪ್ಪಿನಲ್ಲಿ ನಕ್ಷತ್ರದಂತೆ ಒಂದು ಸೀಳು. ಅಲ್ಲಿಂದ ಪೂರ್ತಿ ಹೊರಬರಲು 12ರಿಂದ 24 ಗಂಟೆ. ಆ ಹೊತ್ತು ಕೈ ಸುಮ್ಮನಿರುವುದಿಲ್ಲ ಅಲ್ವಾ? ಮೊದಲನೇ ಸಲ ನಾನು ತಡೆಯಲಾರದೆ ಒಂದಕ್ಕೆ ಸಹಾಯ ಮಾಡಲು ಮುಚ್ಚಳ ತೆಗೆದೆ. ಪಕ್ಕದಲ್ಲಿ ಸೀಳು ಬಿಟ್ಟಿದ್ದ ಇನ್ನೆರಡು ಮೊಟ್ಟೆಗಳ ಒಳಪೊರೆ ಒಣಗಿ ಕಾಗದದಂತೆ ಮರಿಯ ಮೈಗೆ ಅಂಟಿಕೊಂಡಿತು. ಒಂದನ್ನು ಉಳಿಸಲು ಹೋಗಿ ಎರಡನ್ನು ಕಳೆದುಕೊಂಡೆ. ಹುಟ್ಟಿದ ಮರಿಗೆ ಹೊಟ್ಟೆಯೊಳಗೆ ಹಳದಿ ಇರುತ್ತದೆ, ಒಂದೆರಡು ದಿನ ಮೇವು ನೀರು ಇಲ್ಲದೆಯೂ ತಡೆಯುತ್ತದೆ. ಅವಸರ ಏನೂ ಇಲ್ಲ.

ಆಮೇಲೆ ಮರಿಗಳಿಗೆ ಮೊದಲ ವಾರ 35 ಡಿಗ್ರಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು ಅನ್ನುತ್ತಾರೆ. ನಮ್ಮಂಥ ಕಡೆ ಹಗಲಿನ ಗಾಳಿಯೇ ಅಷ್ಟಿರುತ್ತದೆ. ಹಗಲು ಬಲ್ಬ್ ಹಚ್ಚಿ ಮರಿ ಸಾಯಿಸಿದವರನ್ನು ನೋಡಿದ್ದೇನೆ. ಮರಿಗಳು ಒಂದರ ಮೇಲೊಂದು ಗುಂಪಾದರೆ ಚಳಿ, ರೆಕ್ಕೆ ಅಗಲಿಸಿ ಬಾಯಿ ತೆರೆದು ಮೂಲೆಗೆ ಹೋದರೆ ಸೆಕೆ. ಅಷ್ಟು ನೋಡಿದರೆ ಸಾಕು.

ಇನ್ನು ಸಿಟ್ಟು ಬರಿಸಿದ್ದು. ಹೊರಳಿಸುವ ಟ್ರೇಯ ಗೇರ್ ಪ್ಲಾಸ್ಟಿಕ್ಕಿನದು. ಎರಡನೇ ವರ್ಷ ಹಲ್ಲು ಸವೆದು ನಿಂತಿತು, ಒಂಬತ್ತು ದಿನ ಕೈಯಿಂದಲೇ ದಿನಕ್ಕೆ ಐದು ಸಲ ಹೊರಳಿಸಿದೆ. ಬಿಡಿಭಾಗ ಕೇಳಿದರೆ ಹೊಸ ಯಂತ್ರವನ್ನೇ ತೋರಿಸಿದರು. ಕೊನೆಗೆ ಆಟಿಕೆ ಕಾರಿನ ಗೇರ್ ಹಾಕಿದ್ದೇನೆ, ಸ್ವಲ್ಪ ಕಿರುಗುಟ್ಟುತ್ತದೆ, ಓಡುತ್ತದೆ. ಥರ್ಮೋಕೋಲಿನ ಸಂದಿಯಲ್ಲಿ ಮರಿಯ ಪುಕ್ಕ ಸೇರಿಕೊಂಡರೆ ತೊಳೆಯುವುದು ಒಂದು ಶಿಕ್ಷೆ, ವಾಸನೆ ಪೂರ್ತಿ ಹೋಗುವುದಿಲ್ಲ. ಬಿಸಿ ಜಾಸ್ತಿಯಾದಾಗ ಕೂಗುವ ಸದ್ದು ಪಕ್ಕದ ಕೋಣೆಗೂ ಕೇಳುವುದಿಲ್ಲ. 52 ಮೊಟ್ಟೆಯ ದಿನ ಅದು ಜೋರಾಗಿ ಕೂಗಿದ್ದರೆ ಅರ್ಧವಾದರೂ ಉಳಿಯುತ್ತಿದ್ದವೇನೋ.

ಆ ಬೇಸಿಗೆಯಲ್ಲೇ, ಅದೇ ವಾರ, ಹಿತ್ತಲಿನ ಒಂದು ಹೇಂಟೆ ಹನ್ನೊಂದು ಮೊಟ್ಟೆಯ ಮೇಲೆ ಕೂತು ಒಂಬತ್ತು ಮರಿ ಎಬ್ಬಿಸಿತು. ಮಧ್ಯಾಹ್ನ ಹೋಗಿ ನೋಡಿದರೆ ಮೊಟ್ಟೆಗೆ ಮೈ ಒತ್ತದೆ ಸ್ವಲ್ಪ ಎದ್ದು, ರೆಕ್ಕೆ ಸಡಿಲ ಬಿಟ್ಟು, ಬಾಯಿ ತೆರೆದು ನಿಂತಿರುತ್ತಿತ್ತು. ನನ್ನ ಥರ್ಮೋಸ್ಟಾಟಿಗೆ ಬಾರದ ಕೆಲಸ ಅದು. ಈಗ ಯಂತ್ರದಲ್ಲಿ ಹುಟ್ಟಿದ ಮರಿಗಳನ್ನು ಆದಷ್ಟು ಆಗಷ್ಟೇ ಮರಿ ಮಾಡಿದ ಹೇಂಟೆಯ ಕೆಳಗೆ ರಾತ್ರಿ ಹೊತ್ತು ಮೆಲ್ಲಗೆ ಸೇರಿಸುತ್ತೇನೆ. ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ ಅಂತಾರೆ, ಆದರೆ ಈ ಕೆಲಸಕ್ಕೆ ಕೋಳಿಯನ್ನೇ ಕೇಳಬೇಕು. ಬೆಳಗ್ಗೆ ಎದ್ದ ತಕ್ಷಣ ನೋಡಿ, ಕುಕ್ಕುತ್ತಿದ್ದರೆ ವಾಪಸ್ ತೆಗೆದುಬಿಡಿ.

ವರ್ಷಕ್ಕೆ ಹತ್ತು ಹದಿನೈದು ಮರಿ ಸಾಕು ಅನ್ನುವವರಿಗೆ ಕಾವಿಗೆ ಕೂರುವ ಎರಡು ಹೇಂಟೆ ಇದ್ದರೆ ಈ ಯಂತ್ರ ಬೇಡ. ಅದಕ್ಕಿಂತ ಜಾಸ್ತಿ ಬೇಕು, ಮನೆಯಲ್ಲಿ ಮಧ್ಯಾಹ್ನವೂ 30 ದಾಟದ ಒಂದು ಮೂಲೆ ಇದೆ ಅಂದರೆ ತೆಗೆದುಕೊಳ್ಳಬಹುದು. ತಂಪು ಕಾಲದಲ್ಲಿ ಐದಕ್ಕೆ ನಾಲ್ಕು, ಬೇಸಿಗೆಯಲ್ಲಿ ಎರಡೂವರೆ. ತೆಗೆದುಕೊಳ್ಳುವಾಗ ಗೇರ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಸಿಕ್ಕರೆ ಎರಡು ಜೊತೆಗೇ ತನ್ನಿ.